ಕರಡು ತಿದ್ದುವಾಗ

ಯಾಕುತ್ಸ್ಕ್ ಮುದ್ರಣಾಲಯದ ಮೂರನೆಯ ಮಹಡಿ.
ಆರನೇ ತರಗತಿಗೊಂದು ಪದಕೋಶ, ಅದರ ಕರಡು ತಿದ್ದುತ್ತಿದ್ದೇನೆ.
ನೂರ ಹನ್ನೆರಡು ಶಬ್ದ, ಎಲ್ಲ ಹವಾಮಾನದವು.
ಮೇಜಿನ ಒಂದು ಕಾಲು ಗಿಡ್ಡ, ಕೆಳಗೆ ರಟ್ಟು ಮಡಿಸಿ ಇಟ್ಟಿದ್ದೇನೆ.
ಕಾಲು ಸರಿಯಾಗೇ ಇದೆ, ವಾಲಿದ್ದು ಕಟ್ಟಡ ಅನ್ನುತ್ತಾನೆ
ಕಾವಲುಗಾರ ಎರ್ಚಿಮ್. ನಾನು ನಂಬುವುದಿಲ್ಲ;
ಪ್ರತಿ ವಸಂತಕ್ಕೆ ರಟ್ಟಿಗೆ ಒಂದು ಮಡಿಕೆ ಹೆಚ್ಚಿಸುತ್ತೇನೆ.

ಅಲ್ಬೀಡೊ ಎಂಬುದಕ್ಕೆ ನಮ್ಮ ಭಾಷೆಯಲ್ಲಿ ಶಬ್ದವಿರಲಿಲ್ಲ.
ಸಮಿತಿ ಎರಡು ದಿನ ಕೂತು, ಚಹಾ ಕುಡಿದು,
"ಬೆಳಕನ್ನು ಹಿಂದಿರುಗಿಸುವ ಗುಣ" ಎಂದು ಬರೆಯಿತು.
ಏಪ್ರಿಲ್ ತಿಂಗಳ ಹಿಮದ ಮೇಲೆ ನಡೆದವರಿಗೆ ಅದು ಗೊತ್ತು.
ಅಜ್ಜ ಕಣ್ಣಿಗೆ ಕುದುರೆ ಕೂದಲಿನ ಜಾಲರಿ ಕಟ್ಟಿ
ಬೇಟೆಗೆ ಹೊರಡುತ್ತಿದ್ದ;
ಪಡೆದದ್ದನ್ನೆಲ್ಲ ನಿಂತ ಕಾಲಲ್ಲೇ ತೀರಿಸಿಬಿಡುವ ಹಿಮ, ಕಣ್ಣು ಕುಕ್ಕುವಷ್ಟು ಪ್ರಾಮಾಣಿಕ.
ಅದು ಹೋದಲ್ಲಿ ಕಪ್ಪು ಮಣ್ಣು ಕೈಚಾಚಿ ಕೂತಿರುತ್ತದೆ.
ಇಸಿದುಕೊಂಡದ್ದನ್ನು ಕೊಡುವ ಜಾಯಮಾನ ಅದರದಲ್ಲ.

ಪುಟ ಇಪ್ಪತ್ತೇಳು: ಧನಾತ್ಮಕ ಮರುಪೂರಣ.
ಫೋನಿನಲ್ಲಿ ಓದಿ ಹೇಳಿದೆ ಚಿಕ್ಕಮ್ಮ ಒಗ್ದೋಚುಯಾಗೆ.
ನಲವತ್ತು ವರ್ಷ ಹಾಲು ಕರೆದವಳು,
ಗುರುತಿಲ್ಲದ ಶಬ್ದವನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುವವಳಲ್ಲ.
"ಧನ ಅಂದರೆ ಒಳ್ಳೆಯದಲ್ಲವೇನೇ?"
ಇಲ್ಲಿ ಅಲ್ಲ ಚಿಕ್ಕಮ್ಮ. ನೆಲ ಕರಗಿದರೆ
ಒಳಗಿನ ಸಾವಿರಾರು ವರ್ಷದ ಹುಲ್ಲು, ಬೇರು ಕೊಳೆಯುತ್ತದೆ,
ಕೊಳೆತರೆ ಅನಿಲ, ಅನಿಲದಿಂದ ಶಾಖ,
ಶಾಖಕ್ಕೆ ಇನ್ನಷ್ಟು ನೆಲ...
"ಓ, ಕುಡುಕನ ಲೆಕ್ಕ," ಎಂದಳು.
"ಕುಡಿದದ್ದಕ್ಕೆ ದಾಹ, ದಾಹಕ್ಕೆ ಮತ್ತೆ ಕುಡಿತ."
ಸಮಿತಿಗೆ ಹೇಳುವ ಧೈರ್ಯವಾಗಲಿಲ್ಲ.
ಅಂಚಿನಲ್ಲಿ ಸೀಸದಲ್ಲಿ ಬರೆದುಕೊಂಡೆ.

ಪುಟ ನಲವತ್ತೊಂದರಲ್ಲಿ ಕೈ ನಿಂತಿತು.
ಇರ್ಬೆತ್ ತೊಂಗ್. ಕರಗದ ಹೆಪ್ಪು.
ನಮ್ಮ ಮನೆ, ಶಾಲೆ, ಗೋರಿಗಳು, ಈ ಮುದ್ರಣಾಲಯದ ಕಂಬಗಳು
ಎಲ್ಲವೂ ಕಾಲೂರಿ ನಿಂತಿರುವ ಶಬ್ದ.
ಅಚ್ಚಿನವರು ಒಂದು ಸ್ವರ ತಪ್ಪಿಸಿದ್ದಾರೆ:
ಇರ್ಬಿತ್ ತೊಂಗ್.
ಕರಗಿದ ಹೆಪ್ಪು.

ಒಂದೇ ಸ್ವರ. ಬಾಯಿ ತುಸು ಕಿರಿದಾಗುತ್ತದೆ, ಅಷ್ಟೆ,
ನಗಲು ಹೊರಟು ಅರ್ಧದಲ್ಲೇ ನೆನಪಾಗಿ ನಿಂತಂತೆ.

ಸಂಸ್ಥೆಯ ಪ್ರೊಕೋಪಿಯವರಿಗೆ ಫೋನು ಮಾಡಿದೆ.
ವ್ಯಾಖ್ಯೆ ಬಲು ಚಿಕ್ಕದು, ಎಂದರು:
ಸತತ ಎರಡು ವರ್ಷ ಸೊನ್ನೆಯಿಂದ ಮೇಲೇರದ ನೆಲ.
ಎರಡೇ?
ಎರಡೇ.
ರಷ್ಯನ್ ಪುಸ್ತಕದಲ್ಲಿ ನಾವದನ್ನು ನಿತ್ಯವೆಂದು ಬಾಯಿಪಾಠ ಮಾಡಿದ್ದೆವು.
ನಿತ್ಯಕ್ಕೆ ಎರಡು ವರ್ಷ ಸಾಕೆಂದು ಯಾರೂ ಹೇಳಿರಲಿಲ್ಲ.
ನನ್ನ ಮದುವೆಯೇ ಅದಕ್ಕಿಂತ ಹೆಚ್ಚು ಬಾಳಿತ್ತು.

ಶನಿವಾರ ಊರಿಗೆ ಹೋದೆ.
ಹಳೆಯ ವಿಮಾನಪಟ್ಟಿಯ ತುಂಬ ಗುಬುಟು ಗುಬುಟು ದಿಬ್ಬ,
ದಿಬ್ಬಗಳ ನಡುವೆ ನೀರು, ನೀರಿಗೆ ಮೂತಿಯಿಟ್ಟ ಎರಡು ಕುದುರೆ.
ಚಿಕ್ಕಮ್ಮನ ನೆಲಮಾಳಿಗೆಯಲ್ಲಿ
ನವೆಂಬರಿನಲ್ಲಿ ಕೆರೆಯಿಂದ ಕೊಯ್ದು ತಂದ ಮಂಜಿನ ಹಲಗೆಗಳಿರುತ್ತವೆ,
ಆಗಸ್ಟಿನವರೆಗೆ ಕುಡಿಯಲು ಅದೇ.
ಏಣಿಯ ಏಳನೇ ಮೆಟ್ಟಿಲಿಗೆ ಬೂಟು ತೊಯ್ದಿತು.
ಏಣಿಗೆ ಇರುವುದು ಒಂಬತ್ತು ಮೆಟ್ಟಿಲು.

"ಸಿಕ್ಕಿತೇನೇ?" ಮೇಲಿನಿಂದ ಬಗ್ಗಿ ಕೇಳಿದಳು.
ಮೂಲೆಯಲ್ಲಿ ತೇಲುತ್ತಿದ್ದ ಒಂದು ತುಂಡನ್ನು
ಬಕೆಟ್ಟಿಗೆ ಹಾಕಿಕೊಂಡೆ.
ಚಹಾಕ್ಕೆ ಸಾಕು.

ಸೋಮವಾರ ಕೆಂಪು ಪೆನ್ನಿನಲ್ಲಿ ಸ್ವರ ತಿದ್ದಿದೆ.
ಮಕ್ಕಳ ಪುಸ್ತಕ, ತಪ್ಪು ಅಚ್ಚಾಗಬಾರದು.
ಸರಿಯಾಯಿತೇ ಎಂದು ಒಮ್ಮೆ ಗಟ್ಟಿಯಾಗಿ ಓದಿದೆ: ಕರಗದ.
ಇನ್ನೊಮ್ಮೆ ಓದಿದೆ.
ಬಾಗಿಲಲ್ಲಿ ನಿಂತಿದ್ದ ಎರ್ಚಿಮ್ ಕೇಳಿದ,
ಯಾರನ್ನು ಬೇಡಿಕೊಳ್ಳುತ್ತಿದ್ದೀ?

ಉತ್ತರ ಕೊಡದೆ ಬಗ್ಗಿ
ರಟ್ಟನ್ನು ಇನ್ನೊಂದು ಮಡಿಕೆ ಮಡಿಸಿದೆ.